ಎಂಟು ಸೆಕೆಂಡು

ನಮ್ಮ ಮನೆಯಲ್ಲಿ ಊಟದ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಂದ್ಯಗಳ ಪಟ್ಟಿ. ಆಟ ಊರಿನಲ್ಲೇ ಇದ್ದರೆ ಮಧ್ಯಾಹ್ನ ಮೂರಕ್ಕೇ ಊಟ. ಪರಊರಿನಲ್ಲಿದ್ದರೆ ಎಲೆಕೋಸು, ಖೀಮಾ ತುಂಬಿದ ಬನ್ನುಗಳನ್ನು ಬಸ್ಸಿನಲ್ಲೇ ತಿನ್ನಬೇಕು. ನನ್ನ ಮಾವ ಆರ್ಲನ್ ಸ್ಟೆಂಗರ್ ಹೆಸ್ಲರ್ ಶಾಲೆಯಲ್ಲಿ ಮೂವತ್ತೆಂಟು ವರ್ಷ ಕ್ರೀಡಾ ನಿರ್ದೇಶಕರಾಗಿದ್ದವರು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಕೂಡ. ಊರಿಗೆಲ್ಲ ಅವರು ಕೋಚ್. ಅತ್ತೆ ಡೊರೀನ್‌ಗೂ ಕೋಚ್. ಮದುವೆಯಾಗಿ ಹದಿನೇಳು ವರ್ಷವಾದರೂ ಅವರನ್ನು ಬೇರೆ ಹೆಸರಿನಿಂದ ಕರೆಯುವ ಧೈರ್ಯ ನನಗಂತೂ ಬರಲಿಲ್ಲ.

ನಾನು ಕರ್ಟ್ ವೊಬೊರ್ನಿ, ಶಾಲೆಯ ಬಸ್ ಓಡಿಸುವವನು, ಮನೆಯಳಿಯ. ಸ್ವಲ್ಪ ದಿನಕ್ಕೆ ಅಂತ ಬಂದ ನಾವು ಅವರ ಮನೆಯ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷ ಉಳಿದೆವು. ನಮ್ಮ ಮಂಚದ ಆಚೆ ಬದಿಗೆ ಬಟ್ಟೆ ಒಗೆಯುವ ಯಂತ್ರ. ಅದರಲ್ಲಿ ಮನೆಯವರ ಬಟ್ಟೆಗಿಂತ ಶಾಲೆಯ ತಂಡಗಳ ಬಟ್ಟೆ ತಿರುಗಿದ್ದೇ ಹೆಚ್ಚು. ಅತ್ತೆ ಅವನ್ನು ಒಗೆದು, ಒಣಗಿಸಿ, ನಂಬರಿನ ಪ್ರಕಾರ ಮಡಿಚಿ ಕೊಡುತ್ತಿದ್ದರು. ಅದಕ್ಕೆ ಯಾರೂ ಅವರಿಗೆ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ.

ಶಾಲೆಯ ಆಟದ ಒಳಾಂಗಣದ ಉತ್ತರದ ಗೋಡೆಯ ಮೇಲೆ ಹನ್ನೊಂದು ಬಾವುಟ ತೂಗುತ್ತವೆ. ಸುತ್ತಲಿನ ಎಂಟು ಶಾಲೆಗಳಲ್ಲಿ ಮೊದಲು ಬಂದವರಿಗೆ ವರ್ಷಕ್ಕೊಂದು ಬಾವುಟ. ಹನ್ನೊಂದೂ ಹುಡುಗರವು, ಹನ್ನೊಂದೂ ಮಾವ ಗೆದ್ದವು. ದಕ್ಷಿಣದ ಗೋಡೆ ಹುಡುಗಿಯರದು. ಅಲ್ಲಿ ಬರೀ ಸುಣ್ಣ. ನನ್ನ ಹೆಂಡತಿ ಜಾನೆಲ್ ಆರು ವರ್ಷದಿಂದ ಹುಡುಗಿಯರ ಕೋಚ್. ಆ ಜನವರಿಯಲ್ಲಿ ಅವಳ ತಂಡ ಒಂದೂ ಪಂದ್ಯ ಸೋತಿರಲಿಲ್ಲ. ನಮ್ಮ ಹದಿನೈದು ವರ್ಷದ ಮಗಳು ಟೆಸ್ಸಾ ಅದರಲ್ಲಿ ಅತಿ ಚಿಕ್ಕವಳು. ಬಾವುಟಕ್ಕೆ ಅಡ್ಡ ಉಳಿದಿದ್ದು ಹದಿನೆಂಟು ಮೈಲಿ ಆಚೆಯ ಮಾರ್ಸ್ಟನ್ ಊರಿನ ತಂಡ ಒಂದೇ.

ಮಾರ್ಸ್ಟನ್ ಬಂದ ಶುಕ್ರವಾರ ಊರಿನಲ್ಲೆಲ್ಲ ಜ್ವರ. ನಮ್ಮ ಅರ್ಧ ಹುಡುಗಿಯರು ಹಾಸಿಗೆ ಹಿಡಿದಿದ್ದರು. ಮೊದಲ ಆಟ ಕಿರಿಯರ ತಂಡದ್ದು, ಆಮೇಲೆ ಮೊದಲ ತಂಡದ್ದು. ನಮ್ಮಂಥ ಸಣ್ಣ ಶಾಲೆಯಲ್ಲಿ ಮಕ್ಕಳು ಸಾಲುವುದಿಲ್ಲ, ಹಾಗಾಗಿ ಒಬ್ಬಳೇ ಎರಡರಲ್ಲೂ ಆಡುವುದುಂಟು. ಒಂದು ಆಟಕ್ಕೆ ನಾಲ್ಕು ಭಾಗ, ಅವೇ ಕ್ವಾರ್ಟರ್. ಆದರೆ ಒಂದು ಸಂಜೆಗೆ ಒಬ್ಬಳಿಗೆ ಐದೇ ಕ್ವಾರ್ಟರ್, ಅದು ನಿಯಮ. ಅಂಗಣದೊಳಗೆ ಒಂದು ಸೆಕೆಂಡು ಕಾಲಿಟ್ಟರೂ ಅದು ಒಂದು ಕ್ವಾರ್ಟರ್ ಎಂದೇ ಲೆಕ್ಕ. ಮೊದಲ ತಂಡದಲ್ಲಿ ಟೆಸ್ಸಾ ನಾಲ್ಕೂ ಕ್ವಾರ್ಟರ್ ಆಡಬೇಕಿತ್ತು. ಹಾಗಾಗಿ ಕಿರಿಯರಲ್ಲಿ ಒಂದನ್ನು ಮಾತ್ರ ಆಡಬಹುದಿತ್ತು.

ಕಿರಿಯರ ಕೋಚ್‌ಗೂ ಜ್ವರ ಬಂದಿದ್ದರಿಂದ ಮಾವ ಆ ಬೆಂಚಿನಲ್ಲಿ ಕೂತರು. ಜಾನೆಲ್ ಅವರ ಕೈಗೆ ಒಂದು ಚೀಟಿ ಬರೆದುಕೊಟ್ಟು, ದೊಡ್ಡ ಹುಡುಗಿಯರಿಗೆ ಪಾಠ ಹೇಳಲು ಒಳಗಿನ ಕೋಣೆಗೆ ಹೋದಳು. ಟೆಸ್ಸಾ ಮೊದಲ ಕ್ವಾರ್ಟರ್ ಆಡಿ ಕೂತಳು. ಮೂರನೇ ಕ್ವಾರ್ಟರ್ ಮುಗಿಯಲು ಎಂಟು ಸೆಕೆಂಡು ಇರುವಾಗ ಕಾರ್ಲಿ ಎಂಬ ಹುಡುಗಿಯ ಕಾಲು ಉಳುಕಿತು. ಅಲ್ಲಿದ್ದ ಹದಿನಾಲ್ಕು ಹದಿನೈದು ಜನ ಎದ್ದುನಿಂತು ಆ ಹುಡುಗಿಯನ್ನೇ ನೋಡುತ್ತಿದ್ದರು. ನಾನು ಬಾಗಿಲ ಬಳಿ ಖೀಮಾ, ಬೀನ್ಸಿನ ಚಿಲಿ ಸಾರಿನ ಬಟ್ಟಲು ಹಿಡಿದು ನಿಂತಿದ್ದೆ. ಮಾವ ತಿರುಗಿಯೂ ನೋಡದೆ, ಬೆಂಚಿನ ಕಡೆ ಎರಡು ಬೆರಳು ಆಡಿಸಿ, "ಟೆಸ್, ಒಳಗೆ" ಅಂದರು. ಅವಳು ಎದ್ದು ಓಡಿದಳು. ಎಂಟು ಸೆಕೆಂಡಿನಲ್ಲಿ ಚೆಂಡು ಅವಳ ಕೈಗೆ ಒಂದು ಸಲವೂ ಸಿಗಲಿಲ್ಲ.

ಮೊದಲ ತಂಡ ನಲವತ್ತೊಂದು ನಲವತ್ತರಿಂದ ಗೆದ್ದಿತು. ಕೊನೆಯ ಚೆಂಡು ಹಾಕಿದವಳು ಟೆಸ್ಸಾ.

ಶನಿವಾರ ಬೆಳಿಗ್ಗೆ ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಸ್ಕೋರ್ ಪುಸ್ತಕ ಹರಡಿಕೊಂಡು ಕೂತರು. ಮೂವತ್ತೊಂದು ವರ್ಷದಿಂದ ಶಾಲೆಯ ಪುಸ್ತಕ ಅವರದೇ. ಯಾರು ಯಾವ ಕ್ವಾರ್ಟರ್ ಆಡಿದರು ಅಂತ ಹೆಸರಿನ ಮುಂದೆ ಒಂದೊಂದು ಗೀಟು, ನೀಲಿ ಶಾಯಿಯಲ್ಲಿ. ಶನಿವಾರದ ಕಾಫಿ ಆರುವುದರೊಳಗೆ ಕೂಡಿ ಮುಗಿಸುವುದು ಅವರ ರೂಢಿ. ಆ ದಿನ ಕಾಫಿ ಆರಿ ಕೆನೆ ಕಟ್ಟಿತು.

"ಕೋಚ್, ಇಲ್ಲಿ ಬನ್ನಿ."

"ಏನೇ?"

"ಎರಡೂ ಆಟ ಸೇರಿಸಿದ್ರೆ ಟೆಸ್ಸಾ ಮುಂದೆ ಆರು ಗೀಟಾಗುತ್ತೆ."

"ತಪ್ಪು ಎಳೆದಿರ್ತೀಯ."

"ನಾನಾ?" ಅಂದರು ಅತ್ತೆ. ಅಷ್ಟಕ್ಕೇ ಮಾವ ಕನ್ನಡಕ ಹಾಕಿಕೊಂಡು ಬಂದರು.

ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮೇಲೆ ಬಂದ ಜಾನೆಲ್‌ಗೆ ವಿಷಯ ಗೊತ್ತಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಬುಟ್ಟಿಯನ್ನು ಕೆಳಗಿಡದೆಯೇ ಕೇಳಿದಳು, "ಮೂರನೇ ಕ್ವಾರ್ಟರಲ್ಲಿ ಅವಳು ಯಾಕೆ ಒಳಗೆ ಹೋದ್ಲು? ಮೊದಲನೇದು ಮಾತ್ರ ಅಂತ ಚೀಟಿ ಬರೆದು ಕೊಟ್ಟಿದ್ದೆ."

"ಕಾರ್ಲಿ ಕಾಲು ಉಳುಕ್ತು."

"ಉಳುಕಿದ್ರೆ ನಾಲ್ಕು ಜನ ಆಡ್ತಿದ್ರು. ಎಂಟು ಸೆಕೆಂಡ್ ಅಪ್ಪ. ಇಪ್ಪತ್ತೆರಡು ಪಾಯಿಂಟ್ ಹಿಂದಿದ್ವಿ. ಮೂರು ಜನ ಆಡಿದ್ರೂ ನಡೀತಿತ್ತು."

"ಅಂಗಣದಲ್ಲಿ ಐದು ಜನ ಇರಬೇಕು. ನಾನು ಯಾವತ್ತೂ ನಾಲ್ಕು ಜನರನ್ನ ಇಟ್ಕೊಂಡು ಆಡಿಸಿದವನಲ್ಲ."

"ನಿನ್ನ ತಂಡ ಆಗಿತ್ತಾ ಅದು?"

ಚೀಟಿ ಎಲ್ಲಿ ಅಂತ ಅತ್ತೆ ಹುಡುಕಿದರು. ಅದು ಮಾವನ ಕಪ್ಪು ಪ್ಯಾಂಟಿನ ಜೇಬಿನಲ್ಲೇ ಉಳಿದು, ಅದೇ ಬೆಳಿಗ್ಗೆ ಯಂತ್ರದಲ್ಲಿ ತಿರುಗಿ, ಬಿಳಿ ಹಿಂಡಿಯಾಗಿ ಬಟ್ಟೆಗೆಲ್ಲ ಮೆತ್ತಿಕೊಂಡಿತ್ತು.

ಜಾನೆಲ್ ಕುರ್ಚಿಯಲ್ಲಿ ಕುಸಿದಳು. "ಯಾರಿಗೂ ಗೊತ್ತಾಗಿಲ್ಲ. ಮಾರ್ಸ್ಟನ್‌ನವರಿಗೂ."

"ನನಗೆ ಗೊತ್ತಾಯ್ತಲ್ಲ," ಅಂದರು ಅತ್ತೆ.

"ಮೊದ್ಲು ನನಗೆ ಹೇಳಬಾರದಿತ್ತಾ ಅಮ್ಮ? ನೆಟ್ಟಗೆ ಅಪ್ಪನ್ನೇ ಕರೆದೆಯಲ್ಲ."

"ನಿರ್ದೇಶಕರು ಅವರು. ಮೂವತ್ತೊಂದು ವರ್ಷದಿಂದ ಅವರಿಗೇ ಹೇಳಿದ್ದೀನಿ."

ನನ್ನ ಹೆಂಡತಿ ಕೈಯಿಂದ ಮುಖ ಉಜ್ಜಿಕೊಂಡಳು. ಆಮೇಲೆ ಅವಳೇ ಹೇಳಿದಳು, "ಸರಿ. ಶಾಲೆಗಳ ಕ್ರೀಡಾ ಸಂಘಕ್ಕೆ ಬರೆದು ಕಳಿಸು ಅಪ್ಪ. ಗೆಲುವು ಹೋಗುತ್ತೆ, ಹೋಗ್ಲಿ. ಆದ್ರೆ ಒಳಗೆ ಕಳಿಸಿದ್ದು ಯಾರು ಅಂತ ಸರಿಯಾಗಿ ಬರಿ."

"ನಿಯಮದಲ್ಲಿ ಏನಿದೆಯೋ ಅದನ್ನ ಬರೀತೀನಿ," ಅಂದರು ಮಾವ. ಆ ಮಾತಿನಲ್ಲಿ ಏನಿತ್ತು ಅಂತ ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಗುರುವಾರ, ಊರಿನ ವಾರಪತ್ರಿಕೆ ಬಂದಾಗ. ಮುಖಪುಟದಲ್ಲಿ ಮಾವನ ಫೋಟೋ, ಎದೆಯ ಮೇಲೆ ಕೈಕಟ್ಟಿ ಹನ್ನೊಂದು ಬಾವುಟದ ಕೆಳಗೆ ನಿಂತದ್ದು. ಮಗಳ ಗೆಲುವಿಗಿಂತ ನಿಯಮ ದೊಡ್ಡದು ಅಂತ ತಲೆಬರಹ. ಮುಖ್ಯ ಕೋಚ್ ಜಾನೆಲ್ ವೊಬೊರ್ನಿ ಕ್ವಾರ್ಟರುಗಳ ಲೆಕ್ಕ ತಪ್ಪಿದ್ದರಿಂದ ಹೀಗಾಯಿತು ಅಂತ ಒಳಗೆ. ಸಂಘಕ್ಕೆ ಕಳಿಸಿದ ಫಾರಮ್ಮಿನಲ್ಲಿ ಜವಾಬ್ದಾರರು ಯಾರು ಎಂಬ ಸಾಲಿನ ಮುಂದೆ ಮಾವ ಬರೆದದ್ದೂ ಅದೇ ಹೆಸರು. ಆ ಗೆಲುವು ಸೋಲಾಯಿತು. ಪಂದ್ಯಗಳೆಲ್ಲ ಮುಗಿದಾಗ ಒಂದೇ ಪಂದ್ಯದ ಅಂತರದಲ್ಲಿ ಬಾವುಟ ಮಾರ್ಸ್ಟನ್‌ಗೆ ಹೋಯಿತು.

ಆ ಗುರುವಾರ ಸಂಜೆ ಮೇಜಿನ ಮೇಲೆ ಖೀಮಾ, ಬೀನ್ಸು, ಮೇಲೆ ಕರಿದ ಆಲೂಗಡ್ಡೆ ಜೋಡಿಸಿ ಬೇಯಿಸಿದ ತಟ್ಟೆ. ಟೆಸ್ಸಾಗೆ ಬಲು ಇಷ್ಟದ್ದು. ಯಾರೂ ಕೈ ಹಾಕಲಿಲ್ಲ, ಮಾವ ಒಬ್ಬರನ್ನು ಬಿಟ್ಟು.

"ನನ್ನ ಹೆಸರು ಬರೆದೆ," ಅಂದಳು ಜಾನೆಲ್.

"ಬೆಂಚಲ್ಲಿ ಯಾರೇ ಕೂತಿರ್ಲಿ, ಜವಾಬ್ದಾರಿ ಮುಖ್ಯ ಕೋಚ್‌ದು. ನಿಯಮದ ಪುಸ್ತಕದಲ್ಲಿದೆ, ಬೇಕಾದ್ರೆ ಓದು."

"ಓದಿದ್ದೀನಿ. ಪತ್ರಿಕೆಯವನಿಗೆ ಲೆಕ್ಕ ತಪ್ಪಿದ್ದು ನಾನು ಅಂತ ಹೇಳು ಅಂತ ಯಾವ ಪುಸ್ತಕದಲ್ಲಿದೆ?"

"ಅವನು ಕೇಳಿದ, ನಾನು ಫಾರಂ ತೋರಿಸಿದೆ."

"ಅಜ್ಜ, ನೀನೇ ಕರೆದೆ," ಅಂದಳು ಟೆಸ್ಸಾ. "ಟೆಸ್, ಒಳಗೆ ಅಂದೆ."

"ನೀನು ಹತ್ತನೇ ಕ್ಲಾಸು. ಐದರ ತನಕ ಎಣಿಸೋಕೆ ಬರಲ್ವಾ ನಿನಗೆ? ನನ್ನ ಹುಡುಗರಾಗಿದ್ರೆ, ಕೋಚ್ ನನ್ನ ಕ್ವಾರ್ಟರ್ ಮುಗೀತು ಅಂತಿದ್ರು."

"ನಿಮ್ಮ ಹುಡುಗರು ನಿಮಗೆ ಎದುರು ಮಾತಾಡ್ತಿದ್ರಾ?" ಅಂದರು ಅತ್ತೆ. "ಯಾವನು? ಒಬ್ಬನ ಹೆಸರು ಹೇಳಿ."

ಮಾವ ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿದರು. "ಡೊರೀನ್, ನೀನು ಇದರಲ್ಲಿ ತಲೆ ಹಾಕಬೇಡ."

"ಸರಿ," ಅಂದರು ಅತ್ತೆ. ಮರುದಿನದಿಂದ ಅವರು ಮಾವನ ಬಟ್ಟೆಗೂ ಕೈ ಹಾಕಲಿಲ್ಲ.

ಹುಡುಗಿಯರ ಸಮವಸ್ತ್ರ ಎಂದಿನಂತೆ ನಂಬರಿನ ಪ್ರಕಾರ ಮಡಿಚಿ ಹೊರಗೆ ಬರುತ್ತಿತ್ತು. ಮಾವನ ಅಂಗಿ, ಒಳಬಟ್ಟೆಗಳು ನೆಲಮಾಳಿಗೆಯ ಮೆಟ್ಟಿಲ ಮೇಲೆ ರಾಶಿ ಬಿದ್ದವು. ನಾನು ದಿನಕ್ಕೆ ನಾಲ್ಕು ಸಲ ಅವನ್ನು ದಾಟಿಕೊಂಡು ಓಡಾಡಿದೆ. ಎರಡನೇ ವಾರದಲ್ಲಿ ಮಾವ ತಾವೇ ಒಗೆಯಲು ಹೊರಟು, ಶಾಲೆಯ ಕೆಂಪು ಬನಿಯನ್ನಿನ ಜೊತೆ ಬಿಳಿಯದೆಲ್ಲ ತುಂಬಿ, ಗುಲಾಬಿ ಕಾಲುಚೀಲ ಹಾಕಿಕೊಂಡು ಶಾಲೆಗೆ ಹೋದರು. ಊರಿನಲ್ಲಿ ನಗುವ ಧೈರ್ಯ ಯಾರಿಗಿದೆ? ಮನೆಯಲ್ಲಿ ನಾವು ನಾಲ್ವರೂ ನೋಡಿದೆವು, ಯಾರಿಗೂ ನಗು ಬರಲಿಲ್ಲ.

ಊರು ಮಾತ್ರ ಮಾವನನ್ನು ಹೊತ್ತು ಮೆರೆಸಿತು. ಭಾನುವಾರ ಚರ್ಚಿನಲ್ಲಿ ಅವರ ಕೈ ಕುಲುಕಲು ಸಾಲು ನಿಂತಿತು. ಆಪಲ್ ಪೈ, ಹಣ್ಣು ತುಂಬಿದ ಕೊಲಾಚೆ ಬನ್ನು, ಜೆಲ್ಲಿ ತಂದುಕೊಟ್ಟವರು ಎಷ್ಟೋ. ಅತ್ತೆ ಎಲ್ಲವನ್ನೂ ಬಾಗಿಲಲ್ಲೇ ತೆಗೆದುಕೊಂಡು, ತಟ್ಟೆ ತೊಳೆದು ವಾಪಸ್ ಕೊಟ್ಟರು, ಒಂದೂ ಮೇಜಿಗೆ ಬರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಒಬ್ಬ ಹೆಂಗಸು ಜಾನೆಲ್‌ಗೆ ಹೇಳಿದಳಂತೆ, "ನಿಮ್ಮಪ್ಪ ಇಲ್ದಿದ್ರೆ ಇದು ಮುಚ್ಚಿಹೋಗ್ತಿತ್ತು ಅಲ್ವಾ." ಜಾನೆಲ್ ಮನೆಗೆ ಬಂದು ಹಾಲಿನ ಡಬ್ಬವನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ಮುಚ್ಚಳ ಹಾರಿಹೋಯಿತು. ಫೆಬ್ರವರಿ ಕೊನೆಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ನಮ್ಮ ಹುಡುಗಿಯರು ಸೋತರು. ಟೆಸ್ಸಾ ಎಂಟು ಸಲ ಚೆಂಡು ಎಸೆದು ಒಂದನ್ನೂ ಹಾಕಲಿಲ್ಲ.

ಮಾರ್ಚ್‌ನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಮಾವ ಜೂನ್ ಕೊನೆಗೆ ನಿವೃತ್ತರಾಗುತ್ತಾರೆ, ಅವರ ಹೆಸರನ್ನು ಒಳಾಂಗಣಕ್ಕೆ ಇಡಬೇಕು ಅಂತ ಶಾಲಾ ಮಂಡಳಿ ತೀರ್ಮಾನಿಸಿತು. ಹುಡುಗಿಯರ ಕೋಚ್ ಹುದ್ದೆಗೆ ಜಾನೆಲ್‌ಳನ್ನು ಮತ್ತೆ ನೇಮಿಸಬೇಕಾದರೆ ತಪ್ಪೊಪ್ಪಿಗೆಯ ಪತ್ರವೊಂದು ಅವಳ ಕಡತದಲ್ಲಿರಬೇಕು ಅಂತಲೂ ತೀರ್ಮಾನಿಸಿತು. ಆ ಪತ್ರ ಬರೆಯಬೇಕಾದವರು ಕ್ರೀಡಾ ನಿರ್ದೇಶಕರು. ಕೆಳಗೆ ಇಬ್ಬರ ಸಹಿ.

ಮಾವ ಅದನ್ನು ಭಾನುವಾರ ಊಟದ ಮೇಜಿಗೇ ತಂದರು. ಹ್ಯಾಮ್ ಕತ್ತರಿಸಿ ಎಲ್ಲರಿಗೂ ಬಡಿಸಿದ ಮೇಲೆ, ಉಪ್ಪಿನ ಡಬ್ಬಿ ಸರಿಸಿ, ಹಾಳೆಯನ್ನು ಮಗಳ ಮುಂದೆ ಇಟ್ಟರು.

"ಸಹಿ ಹಾಕು. ಆಮೇಲೆ ಎಲ್ಲಾ ಮರೆತುಹೋಗುತ್ತೆ."

ಜಾನೆಲ್ ಓದಿದಳು. "ನನ್ನ ನಿರ್ಲಕ್ಷ್ಯದಿಂದ ಅಂತಿದೆ."

"ಅದು ಎಲ್ಲಾ ಪತ್ರದಲ್ಲೂ ಇರೋ ಮಾತು."

"ಹಾಗಿದ್ರೆ ನಿನ್ನ ಹೆಸರಲ್ಲಿ ಒಂದು ಬರಿ. ಅದಕ್ಕೂ ಅದೇ ಮಾತು ಆಗುತ್ತಲ್ಲ."

ಅತ್ತೆ ಎದ್ದು ಹೋಗಿ ಸ್ಕೋರ್ ಪುಸ್ತಕ ತಂದು ಹ್ಯಾಮ್ ತಟ್ಟೆಯ ಪಕ್ಕ ತೆರೆದಿಟ್ಟರು. ಕಿರಿಯರ ಆಟದ ಪುಟ. ಮೇಲ್ಗಡೆ ಕೋಚ್ ಎಂದಿರುವ ಸಾಲಿನ ಮುಂದೆ ನೀಲಿ ಶಾಯಿಯಲ್ಲಿ ಎ. ಸ್ಟೆಂಗರ್ ಅಂತ ಇತ್ತು.

"ಇದನ್ನ ಆಟ ಶುರುವಾಗೋಕೆ ಮುಂಚೆ ಬರೆದೆ," ಅಂದರು. "ಅವತ್ತು ಆ ತಂಡದ ಕೋಚ್ ನೀವು."

ಮಾವ ಪುಸ್ತಕದ ಕಡೆ ನೋಡಲೇ ಇಲ್ಲ. ಮಗಳನ್ನು ನೋಡಿ, ನಮ್ಮೆಲ್ಲರ ಎದುರಿಗೇ ಹೇಳಿದರು, "ನೋಡು, ನಿನಗೆ ಮೂವತ್ತೊಂಬತ್ತು. ಇನ್ನೂ ಇಪ್ಪತ್ತು ವರ್ಷ ಆಡಿಸ್ತೀಯ. ಒಂದು ಪತ್ರ ಕಡತದಲ್ಲಿದ್ರೆ ಏನಾಯ್ತು? ನನಗೆ ಉಳಿದಿರೋದು ಮೂರು ತಿಂಗಳು. ಮೂವತ್ತೆಂಟು ವರ್ಷ ದುಡಿದು, ಕೊನೇಲಿ ಮುದುಕನಿಗೆ ಎಣಿಸೋಕೆ ಬರಲ್ಲ ಅಂತ ಗೋಡೆ ಮೇಲೆ ಬರೆಸ್ಕೊಂಡು ಹೋಗ್ಲಾ?"

"ಅದಕ್ಕೆ ನನ್ನ ಹಣೆ ಮೇಲೆ ಬರೀತಿದ್ದೀಯ."

"ನೀನು ನನ್ನ ಮಗಳು. ಇಷ್ಟು ಮಾಡಬಾರದಾ?"

"ನೀನು ನನ್ನ ಅಪ್ಪ," ಅಂದಳು ಜಾನೆಲ್. "ಇಷ್ಟು ಮಾಡಬಹುದಾ?"

ಪತ್ರವನ್ನು ಅವಳು ಹರಿಯಲಿಲ್ಲ. ನೀಟಾಗಿ ಎರಡು ಮಡಿಕೆ ಮಾಡಿ ಅವರ ತಟ್ಟೆಯ ಕೆಳಗೆ ಸಿಕ್ಕಿಸಿ, ಊಟ ಬಿಟ್ಟು ಕೆಳಗಿಳಿದು ಹೋದಳು. ಟೆಸ್ಸಾ ಅವಳ ಹಿಂದೆಯೇ ಹೋದಳು. ನಾನು ಕೂತು ಹ್ಯಾಮ್ ತಿಂದೆ. ಯಾಕೆ ತಿಂದೆ ಅಂತ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಸೋಮವಾರ ಅತ್ತೆ ಒಳ್ಳೆಯ ಕೋಟು ಹಾಕಿಕೊಂಡು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಯ ಆಡಳಿತ ನೋಡುವ ಸೂಪರಿಂಟೆಂಡೆಂಟ್ ಪ್ಲಾಟ್‌ನ ಕಚೇರಿಗೆ ಹೋದರು. ಪ್ಲಾಟ್ ಒಳ್ಳೆಯ ಮನುಷ್ಯ, ಯಾರಿಗೂ ಬೇಡ ಅನ್ನದವನು. ಆ ಜಾತಿಯವರಿಂದಲೇ ಕೆಲಸ ಕೆಡುವುದು. ಆ ಹೆಸರು ಆಟಕ್ಕೆ ಮೊದಲು ಬರೆದದ್ದು, ಬೆಂಚಿನಲ್ಲಿ ಕೂತವರೇ ಮಗುವನ್ನು ಕಳಿಸಿದರು ಅಂತ ಹೇಗೆ ಹೇಳುವುದು, ಕಣ್ಣಾರೆ ಕಂಡ ಹೊರಗಿನವರು ಯಾರಾದರೂ ಇದ್ದಾರಾ ಅಂತ ಕೇಳಿದನಂತೆ. ಅತ್ತೆ ನನ್ನ ಹೆಸರು ಹೇಳಿದರು. ಹೊರಗಿನವನು ಅಂತ ಅವರು ನನ್ನನ್ನು ಕರೆದದ್ದು ಅದೇ ಮೊದಲು, ಅದೂ ನನ್ನ ಮೇಲಿನ ನಂಬಿಕೆಯಿಂದ.

ಪ್ಲಾಟ್ ನನ್ನನ್ನು ಬಸ್ ನಿಲ್ಲಿಸುವ ಜಾಗದಲ್ಲೇ ಹಿಡಿದ. ನಾನು ಗಾಜು ಒರೆಸುತ್ತಿದ್ದೆ.

"ಕರ್ಟ್, ಒಂದೇ ಪ್ರಶ್ನೆ. ಅವತ್ತು ನೀನು ಬಾಗಿಲ ಹತ್ರ ಇದ್ದೆಯಂತೆ. ಹುಡುಗೀನ ಒಳಗೆ ಕಳಿಸಿದ್ದು ಕೋಚಾ?"

ಅವನ ಹಿಂದೆ, ಕಚೇರಿಯ ಕಿಟಕಿಯಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ಕಾಫಿ. ನನ್ನ ತಲೆಯ ಮೇಲಿನ ಸೂರು ಅವರದು, ನಾನು ಓಡಿಸುವ ಬಸ್ಸಿನ ಪಾಳಿ ಗೊತ್ತುಮಾಡುವವರು ಅವರು, ನನ್ನ ಮಗಳಿಗೆ ಚೆಂಡು ಹಿಡಿಯಲು ಕಲಿಸಿದವರು ಅವರು. ಇದೆಲ್ಲ ಆಮೇಲೆ ನಾನು ಹೊಂದಿಸಿಕೊಂಡ ಕಾರಣಗಳು. ಆ ಹೊತ್ತಿಗೆ ನನಗಿದ್ದದ್ದು ಬರೀ ಹೆದರಿಕೆ.

"ಕಾರ್ಲಿ ಕಡೆ ನೋಡ್ತಿದ್ದೆ," ಅಂದೆ. "ಗಮನಿಸಲಿಲ್ಲ."

"ಅಷ್ಟೇ ಬೇಕಿತ್ತು," ಅಂದ ಪ್ಲಾಟ್. ಪಾಪ, ಅವನಿಗೂ ನಿರಾಳವಾದಂತಿತ್ತು.

ಸಂಜೆ ಜಾನೆಲ್ ಟವೆಲು ಮಡಿಚುತ್ತ ಕೇಳಿದಳು, "ಪ್ಲಾಟ್ ಮಾತಾಡಿದ್ನಾ?"

"ಹ್ಞೂಂ."

"ಏನಂದೆ?"

"ಗಮನಿಸಲಿಲ್ಲ ಅಂದೆ."

ಅವಳು ಕೈಯಲ್ಲಿದ್ದ ಟವೆಲು ಮಡಿಚಿ ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು, ಅದನ್ನೂ ಮಡಿಚಿದಳು. "ಆ ಶನಿವಾರ ರಾತ್ರಿ ನೀನೇ ನನಗೆ ಹೇಳಿದ್ದೆ. ಎರಡು ಬೆರಳು ಹೀಗೆ ಆಡಿಸಿದ್ರು ಅಂತ ಮಾಡಿ ತೋರಿಸಿದ್ದೆ."

"ಹ್ಞೂಂ."

"ನಾಳೆಯಿಂದ ಮನೆ ಹುಡುಕು. ಸಿಕ್ಕ ಮೇಲೆ ನಿನ್ನನ್ನ ಕರ್ಕೊಂಡು ಹೋಗ್ಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತೀನಿ."

ಏಪ್ರಿಲ್‌ನಲ್ಲಿ ಅವಳು ಕೋಚ್ ಹುದ್ದೆಯನ್ನೂ, ಜೊತೆಗಿದ್ದ ಗಣಿತದ ಮೇಷ್ಟ್ರಗಿರಿಯನ್ನೂ ಬಿಟ್ಟಳು. ಹದಿನೈದು ದಿನದಲ್ಲಿ ಮಾರ್ಸ್ಟನ್ ಶಾಲೆ ಅವಳನ್ನು ಎರಡಕ್ಕೂ ತೆಗೆದುಕೊಂಡಿತು. ನಮ್ಮ ಊರಿನವರಿಗೆ ಅದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. ಕ್ಷೌರದಂಗಡಿಯಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಮನೆಯಲ್ಲಂತೂ ಮಾವ ಮೇಜಿನ ಒಂದು ತುದಿಯಲ್ಲಿ ಅಂಗಡಿಯಿಂದ ತಂದ ಡಬ್ಬಿ ಊಟ ಬಿಸಿ ಮಾಡಿಕೊಂಡು ತಿನ್ನುತ್ತಿದ್ದರು, ನಾವು ಕೆಳಗೆ ಇಸ್ತ್ರಿ ಮೇಜಿನ ಮೇಲೆ ಬಟ್ಟಲು ಇಟ್ಟುಕೊಂಡು ತಿನ್ನುತ್ತಿದ್ದೆವು. ಅತ್ತೆ ಮಧ್ಯದ ಮೆಟ್ಟಿಲ ಮೇಲೆ ಕೂತು ತಿಂದದ್ದೂ ಉಂಟು.

ಮೇ ತಿಂಗಳಲ್ಲಿ ಒಳಾಂಗಣದ ನಾಮಕರಣ ಆಯಿತು. ಹೆಸರಿನ ಮೇಲಿನ ಬಟ್ಟೆಯನ್ನು ಮೊಮ್ಮಗಳು ಎಳೆಯಲಿ ಅಂತ ಮಂಡಳಿಯವರಿಗೆ ಆಸೆ.

"ಎಳಿ, ಟೆಸ್," ಅಂದರು ಮಾವ, ಬಾಗಿಲಲ್ಲಿ ನಿಂತು, ಟೈ ಕಟ್ಟಿಕೊಳ್ಳುತ್ತ. "ಒಂದು ಹಗ್ಗ ಎಳೆಯೋಕೆ ಏನು ಕಷ್ಟ?"

"ನನಗೆ ಎಣಿಸೋಕೆ ಬರಲ್ಲ ಅಜ್ಜ," ಅಂದಳು ಟೆಸ್ಸಾ. "ಎಷ್ಟು ಸಲ ಎಳೀಬೇಕು ಅಂತ ತಪ್ಪಿಬಿಟ್ರೆ?"

ಅವರು ಒಬ್ಬರೇ ಹೋದರು. ಇನ್ನೂರು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. ಚೆಂಡಿನ ಚಿತ್ರ ಬರೆದ ಕೇಕಿನ ದೊಡ್ಡ ತುಂಡನ್ನು ಮಾವ ಮನೆಗೆ ತಂದು ಅಡುಗೆಮನೆಯಲ್ಲಿಟ್ಟರು. ಅದು ಅಲ್ಲೇ ಕೂತು ಕಲ್ಲಾಯಿತು. ನಾಲ್ಕನೇ ದಿನ ಅತ್ತೆ ಅದನ್ನು ಹಿತ್ತಿಲಿನ ಹಕ್ಕಿಗಳಿಗೆ ಪುಡಿ ಮಾಡಿ ಹಾಕಿದರು.

ಜೂನ್ ಮೊದಲ ವಾರ ನಾವು ಮಾರ್ಸ್ಟನ್‌ಗೆ ಸಾಮಾನು ಸಾಗಿಸಿದೆವು. ಜಾನೆಲ್ ನನ್ನನ್ನೂ ಕರೆದುಕೊಂಡಳು. ಹಾಸಿಗೆ ಹೊರಲು ಒಬ್ಬ ಬೇಕಿತ್ತು ಅಂದಳು. ಅದು ತಮಾಷೆಯೋ ಅಲ್ಲವೋ ತಿಳಿಯಲು ನನಗೆ ಬೇಸಿಗೆ ಪೂರ್ತಿ ಹಿಡಿಯಿತು. ಹಾಸಿಗೆಯ ಇನ್ನೊಂದು ತುದಿ ಹಿಡಿಯಲು ಮಾವ ಬಂದರು. ಅರವತ್ತೆರಡು ದಾಟಿದರೂ ತೋಳು ಗಟ್ಟಿ. ಲಾರಿಗೆ ಏರಿಸಿ, ಹಗ್ಗ ಬಿಗಿದು, ಉಸಿರು ಬಿಡುತ್ತ ನನ್ನ ಹೆಗಲ ಮೇಲೆ ಕೈ ಹಾಕಿದರು.

"ನೀನು ಒಳ್ಳೆಯವನು ಕಣೋ ಕರ್ಟ್. ಮನೆಯವರೆಲ್ಲ ತಿರುಗಿಬಿದ್ದಾಗ ನೀನೊಬ್ಬ ನನ್ನ ಪರ ನಿಂತೆ."

ಆ ಕೈ ನನಗೆ ಭಾರವಾಯಿತು. "ನಾನು ನೋಡಿದ್ದೆ ಕೋಚ್," ಅಂದೆ. "ಎರಡು ಬೆರಳು."

"ಗೊತ್ತು," ಅಂದರು ಅವರು. "ಅವತ್ತು ಬಾಗಿಲಲ್ಲಿ ನಿನ್ನನ್ನ ನೋಡಿದ್ದೆ."

ಎಲ್ಲವನ್ನೂ ತಿಳಿದೇ ಮಾಡಿದ್ದರು. ಆ ದಿನದವರೆಗೂ ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ, ನಾನು ಕಂಡದ್ದು ಅವರಿಗೆ ಗೊತ್ತಿಲ್ಲದಿರಬಹುದು ಅಂತ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಅದೂ ಲಾರಿಯ ಜೊತೆ ಹೋಯಿತು.

ಅತ್ತೆ ನಮ್ಮ ಜೊತೆ ಬರಲಿಲ್ಲ. "ಈ ಮನೆಗೆ ನಾನೂ ಸುಣ್ಣ ಬಳಿದಿದ್ದೀನಿ, ನಾನ್ಯಾಕೆ ಬಿಡ್ಲಿ?" ಅಂದರು. ಆದರೆ ನವೆಂಬರ್ ಬಂದಾಗ ಹೆಸ್ಲರ್ ಶಾಲೆಗೆ ಒಂದು ಸಾಲಿನ ಚೀಟಿ ಕಳಿಸಿ ಸ್ಕೋರ್ ಮೇಜಿನ ಕೆಲಸ ಬಿಟ್ಟರು. ಜಾನೆಲ್‌ಳ ಹೊಸ ತಂಡಕ್ಕೆ ಪುಸ್ತಕ ಬರೆಯುವವರು ಬೇಕಿತ್ತು. ಆಟವಿದ್ದ ದಿನ ಮಧ್ಯಾಹ್ನವೇ ಕಾರು ತೆಗೆದು ಹದಿನೆಂಟು ಮೈಲಿ ಬರುತ್ತಿದ್ದರು, ಡಬ್ಬಿಯಲ್ಲಿ ನಮ್ಮೆಲ್ಲರಿಗೂ ಎಲೆಕೋಸಿನ ಬನ್ನು ಕಟ್ಟಿಕೊಂಡು. ಮಾವನ ಊಟದ ಹೊತ್ತು ಈಗ ಯಾವ ಪಟ್ಟಿಯ ಪ್ರಕಾರ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರ್ ಎರಡನೇ ಶುಕ್ರವಾರ ಈಗ ಮಾರ್ಸ್ಟನ್ ಶಾಲೆಯ ಚಾಲಕನಾಗಿದ್ದ ನಾನೇ ಅವರ ಬಸ್ಸನ್ನು ಹೆಸ್ಲರ್‌ಗೆ ಓಡಿಸಿದೆ. ಬಾಗಿಲ ಮೇಲೆ ಕಂಚಿನ ಅಕ್ಷರದಲ್ಲಿ ಆರ್ಲನ್ ಸ್ಟೆಂಗರ್ ಒಳಾಂಗಣ ಅಂತ. ಒಳಗೆ ಹೋದರೆ ನಮ್ಮ ಹಳೆಯ ಊರೆಲ್ಲ ಸೇರಿತ್ತು. ಜಾನೆಲ್ ಕಾಲಿಟ್ಟಾಗ ಬೈದರು, ಟೆಸ್ಸಾ ಮಾರ್ಸ್ಟನ್‌ನ ಹಸಿರು ಅಂಗಿ ತೊಟ್ಟು ಬಂದಾಗ ಕಾಲಿನಿಂದ ಹಲಗೆ ಬಡಿದರು. ಅವಳು ಹುಟ್ಟಿದಾಗ ಕುಲಾವಿ ಹೆಣೆದುಕೊಟ್ಟ ಹೆಂಗಸೂ ಬಡಿಯುತ್ತಿದ್ದಳು. ಮಾವ ಉತ್ತರದ ಗೋಡೆಯ ಕೆಳಗೆ, ಮೊದಲ ಸಾಲಿನಲ್ಲಿ, ಹನ್ನೊಂದು ಬಾವುಟದ ನೆರಳಲ್ಲಿ ಕೂತಿದ್ದರು. ಅವರ ಮೈ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಸ್ವಲ್ಪ ಕುಗ್ಗಿದಂತೆ ಕಂಡಿತು.

ಸ್ಕೋರ್ ಮೇಜು ಒಂದೇ, ಪುಸ್ತಕ ಎರಡು. ಮನೆ ತಂಡದ್ದನ್ನು, ಅಂದರೆ ಹೆಸ್ಲರ್‌ನದನ್ನು, ಒಬ್ಬ ಹೊಸ ಮೇಷ್ಟ್ರು ಹಿಡಿದಿದ್ದ, ಬಂದ ತಂಡದ್ದು ಅತ್ತೆಯ ಕೈಯಲ್ಲಿ. ನಾನು ಅವರ ಹಿಂದೆಯೇ ನಿಂತಿದ್ದೆ. ಪುಟದ ಮೇಲ್ಗಡೆ ಕೋಚ್ ಎಂಬಲ್ಲಿ ನೀಲಿ ಶಾಯಿಯಲ್ಲಿ ಜೆ. ವೊಬೊರ್ನಿ ಅಂತ ಬರೆದು, ಕೆಳಗೊಂದು ಗೆರೆ ಎಳೆದಿದ್ದರು.

ಎರಡು ಕ್ವಾರ್ಟರ್ ಮುಗಿದಾಗ ನಮ್ಮ ಮಾರ್ಸ್ಟನ್‌ನವರು ಏಳು ಪಾಯಿಂಟ್ ಮುಂದಿದ್ದರು. ವಿರಾಮದ ಕೊನೆಗೆ ಮಾವ ಎದ್ದರು. ಮೂವತ್ತೊಂದು ವರ್ಷ ಪ್ರತಿ ವಿರಾಮದಲ್ಲೂ ಮಾಡಿದ್ದನ್ನೇ ಮಾಡಿದರು. ಅಂಗಣದ ಅಂಚಿನಲ್ಲಿ ನಡೆದು ಬಂದು, ಅತ್ತೆಯ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಬಗ್ಗಿ ಪುಸ್ತಕದೊಳಗೆ ನೋಡಿದರು.

"ಟೆಸ್‌ಗೆ ಎಷ್ಟು ಫೌಲ್ ಆಯ್ತೇ?" ಅಂದರು ಮೆಲ್ಲಗೆ. ಆ ದನಿಯಲ್ಲಿ ಜಗಳ ಇರಲಿಲ್ಲ. ಮನೆಗೆ ವಾಪಸ್ ಬರಲು ಯಾವ ಬಾಗಿಲಾದರೂ ತೆರೆದಿದೆಯಾ ಅಂತ ಕೇಳಿದಂತಿತ್ತು.

ಅತ್ತೆ ತಲೆಯೆತ್ತಲಿಲ್ಲ. ಎಡಗೈಯನ್ನು ಅಗಲಿಸಿ ಪುಟದ ಮೇಲೆ ಮುಚ್ಚಿಟ್ಟರು.

"ಮನೆ ತಂಡದ ಪುಸ್ತಕ ಆ ಕಡೆ ಇದೆ, ಕೋಚ್."

ಮತ್ತೆ ಆಟ ಶುರುವಾಗುವ ಬಜರ್ ಮೊಳಗಿತು. ಹುಡುಗಿಯರು ಅಂಗಣಕ್ಕಿಳಿದರು. ಮಾವ ಇನ್ನೂ ಅಲ್ಲೇ ನಿಂತಿದ್ದರು, ಕೈ ಕುರ್ಚಿಯ ಮೇಲೆ. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅಂಗೈ ತೆಗೆದು, ಟೆಸ್ಸಾಳ ಹೆಸರಿನ ಮುಂದೆ ಮೂರನೇ ಕ್ವಾರ್ಟರಿನ ಗೀಟು ಎಳೆದರು.